ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ, ಪೆನ್ ಡ್ರೈವೋ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಗುಬ್ಬಿ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯಿಂದಲೂ ಜನ ಬರುತ್ತಾರೆ. ಕೌಂಟರ್ ಮುಂದೆ ನಿಂತು ಕೇಳುವ ಪ್ರಶ್ನೆಗಳು, ಫೋನಿನಲ್ಲಿ ಬರುವ ಮೆಸೇಜುಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದು, ಕೆಳಗೆ ಉತ್ತರ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲು ತಿಳಿಯಬೇಕಾದ್ದು

ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಪೆನ್ ಡ್ರೈವ್ ಎಲ್ಲಾ ಫೈಲ್ ಇಡೋಕೆ ತಾನೇ? ಏನು ವ್ಯತ್ಯಾಸ?

ಕೆಲಸ ಒಂದೇ, ಮಾಡುವ ರೀತಿ ಬೇರೆ. ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆಗಳಿರುತ್ತವೆ. ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ತಟ್ಟೆಯ ಮೇಲಿನ ತೆಳು ಲೇಪದಲ್ಲಿ ಅಯಸ್ಕಾಂತದ ಗುರುತುಗಳಾಗಿ ನಿಮ್ಮ ಫೈಲು ಕೂತಿರುತ್ತದೆ. ಸಣ್ಣ ತೋಳೊಂದು ಆ ಕಡೆ ಈ ಕಡೆ ಓಡಾಡಿ ಅದನ್ನು ಓದುತ್ತದೆ.

ಎಸ್‌ಎಸ್‌ಡಿ ಒಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಬರೀ ಚಿಪ್ಪುಗಳು. ಚಿಪ್ಪಿನೊಳಗಿನ ಕೋಟ್ಯಂತರ ಪುಟ್ಟ ಕೋಣೆಗಳಲ್ಲಿ ವಿದ್ಯುತ್ ಕಣಗಳನ್ನು ಹಿಡಿದಿಟ್ಟು ನೆನಪು ಉಳಿಸುತ್ತದೆ. ಇದಕ್ಕೆ ಫ್ಲ್ಯಾಶ್ ಮೆಮೊರಿ ಅನ್ನುತ್ತಾರೆ. ಜಪಾನಿನ ತೋಶಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ಕಂಡುಹಿಡಿದದ್ದು. ಪೆನ್ ಡ್ರೈವ್, ಮೆಮೊರಿ ಕಾರ್ಡ್, ನಿಮ್ಮ ಫೋನಿನ ಸ್ಟೋರೇಜ್ ಎಲ್ಲವೂ ಇದೇ ಜಾತಿ. ಆದರೆ ಎಸ್‌ಎಸ್‌ಡಿಯಲ್ಲಿ ಚಿಪ್ಪುಗಳನ್ನು ನೋಡಿಕೊಳ್ಳುವ ಒಳ್ಳೆಯ ಕಂಟ್ರೋಲರ್ ಇರುತ್ತದೆ. ಪೆನ್ ಡ್ರೈವಿನಲ್ಲಿ ಅದು ತೀರಾ ಸಾಧಾರಣದ್ದು. ಅದಕ್ಕೇ ಪೆನ್ ಡ್ರೈವ್ ಫೈಲು ಸಾಗಿಸೋಕೆ ಸರಿ, ಕಾಪಾಡೋಕೆ ಅಲ್ಲ.

ರ್‍ಯಾಮ್ 8 ಜಿಬಿ, ಸ್ಟೋರೇಜ್ 512 ಜಿಬಿ ಅಂತಾರೆ. ಎರಡೂ ಜಿಬಿನೇ ಅಲ್ವಾ?

ಅಳತೆ ಒಂದೇ, ಜಾಗ ಬೇರೆ. ರ್‍ಯಾಮ್ ಅನ್ನೋದು ಅಡುಗೆಮನೆಯ ಕಟ್ಟೆ, ಸ್ಟೋರೇಜ್ ಅನ್ನೋದು ಉಗ್ರಾಣ. ಅಡುಗೆ ಮಾಡುವಾಗ ಬೇಕಾದ್ದನ್ನು ಕಟ್ಟೆ ಮೇಲೆ ಹರಡಿಕೊಳ್ಳುತ್ತೀರಿ, ಮುಗಿದ ಮೇಲೆ ಒರೆಸಿಬಿಡುತ್ತೀರಿ. ಕರೆಂಟ್ ಹೋದರೆ ರ್‍ಯಾಮ್ ಖಾಲಿ. ಉಗ್ರಾಣದಲ್ಲಿದ್ದದ್ದು ಹಾಗೇ ಇರುತ್ತದೆ.

1 ಟಿಬಿ ಅಂತ ದುಡ್ಡು ಕೊಟ್ಟೆ, ಕಂಪ್ಯೂಟರ್ 931 ಜಿಬಿ ಅಂತ ತೋರಿಸ್ತಿದೆ. ಮೋಸ ಹೋದೆನಾ?

ಇಲ್ಲ. ಕಂಪನಿಯವರು 1 ಟಿಬಿ ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ, ಅಷ್ಟು ಬೈಟ್ ಅಂತ ಲೆಕ್ಕ ಹಾಕುತ್ತಾರೆ. ವಿಂಡೋಸ್ ಅದೇ ಬೈಟುಗಳನ್ನು 1024ರ ಲೆಕ್ಕದಲ್ಲಿ ಮೂರು ಸಲ ಭಾಗಿಸುತ್ತದೆ. ಆಗ 931 ಬರುತ್ತದೆ. ಜಾಗ ಎಲ್ಲೂ ಹೋಗಿಲ್ಲ, ಅಳೆಯುವ ಸೇರು ಬೇರೆ ಅಷ್ಟೇ. ಮ್ಯಾಕ್ ಕಂಪ್ಯೂಟರಿಗೆ ಹಾಕಿದರೆ ಅದೇ ಡಿಸ್ಕ್ 1 ಟಿಬಿ ಅಂತಲೇ ಕಾಣುತ್ತದೆ.

1 ಟಿಬಿಯಲ್ಲಿ ನಿಜವಾಗ್ಲೂ ಎಷ್ಟು ಹಿಡಿಯುತ್ತೆ?

ಅಕ್ಷರದಿಂದ ಶುರು ಮಾಡೋಣ. ಯೂನಿಕೋಡಿನಲ್ಲಿ, ಅಂದರೆ ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಕ್ರಮದಲ್ಲಿ, ಬರೆದ ಕನ್ನಡ ಪಠ್ಯವನ್ನು ಸಾಮಾನ್ಯವಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ಗುಣಿತದ ಗುರುತಿಗೂ 3 ಬೈಟ್ ಬೇಕು. ‘ತುಮಕೂರು’ ಅನ್ನುವ ಪದದಲ್ಲಿ ನಾಲ್ಕು ಅಕ್ಷರ, ಮೂರು ಗುರುತು. ಒಟ್ಟು 21 ಬೈಟ್. ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 8 ಬೈಟ್. ಹಾಗಿದ್ದರೂ ಪಠ್ಯ ಎಷ್ಟು ಹಗುರ ಅಂದರೆ, ನೀವು ಜೀವಮಾನವಿಡೀ ಟೈಪ್ ಮಾಡಿದರೂ 1 ಟಿಬಿ ತುಂಬಲ್ಲ.

ತುಂಬಿಸೋದು ಫೋಟೋ ಮತ್ತು ವಿಡಿಯೋ. ಒಂದು ಫೋಟೋ 4 ಎಂಬಿ ಅಂದುಕೊಂಡರೆ ಎರಡೂವರೆ ಲಕ್ಷ ಫೋಟೋ ಹಿಡಿಯುತ್ತದೆ. ಮದುವೆ ಶೂಟಿಂಗಿನ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ರೆಕಾರ್ಡ್ ಆದರೆ (8 ಬಿಟ್ ಸೇರಿದರೆ 1 ಬೈಟ್) ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಆರತಕ್ಷತೆ, ಮುಹೂರ್ತ ಎಲ್ಲಾ ಸೇರಿ ಹತ್ತು ಹನ್ನೊಂದು ಗಂಟೆ ಶೂಟ್ ಮಾಡಿದರೆ ಒಂದೇ ಮದುವೆಗೆ ಅರ್ಧ ಟಿಬಿ ಮುಗಿಯುತ್ತದೆ.

## ಕೊಳ್ಳುವಾಗ ಕೇಳುವುದು

ಏಳು ವರ್ಷದ ಲ್ಯಾಪ್‌ಟಾಪ್, ಆನ್ ಆಗೋಕೇ ಐದು ನಿಮಿಷ. ಹೊಸದು ತಗೊಳ್ಳಲಾ, ಎಸ್‌ಎಸ್‌ಡಿ ಹಾಕಿಸಲಾ?

ಒಳಗೆ ಹಾರ್ಡ್ ಡಿಸ್ಕ್ ಇದ್ದರೆ, ಮೊದಲು ಎಸ್‌ಎಸ್‌ಡಿ ಹಾಕಿಸಿ ನೋಡಿ. ನನ್ನ ಕೈಯಿಂದ ಹೋದ ಕೆಲಸಗಳಲ್ಲಿ ಜನಕ್ಕೆ ಇಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಯಾಕೆ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ನಮ್ಮ ಕಡೆಯ ತೆಂಗಿನ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಒಂದೇ ಮರದಿಂದ ನೂರು ಕಾಯಿ ಕೀಳೋದು ಬೇಗ ಆಗುತ್ತದೆ. ನೂರು ಮರದಿಂದ ಒಂದೊಂದು ಕಾಯಿ ಕೀಳಬೇಕಾದರೆ? ಕಾಯಿ ಅಷ್ಟೇ, ಆದರೆ ಹತ್ತಿ ಇಳಿಯೋದರಲ್ಲೇ ದಿನ ಹೋಗುತ್ತದೆ. ಹಾರ್ಡ್ ಡಿಸ್ಕಿನ ಕಷ್ಟ ಅದೇ. ದೊಡ್ಡ ಸಿನಿಮಾ ಫೈಲನ್ನು ಒಂದೇ ಸಮನೆ ಓದುವಾಗ ಅದು ಸೆಕೆಂಡಿಗೆ 100ರಿಂದ 200 ಎಂಬಿ ಕೊಡುತ್ತದೆ, ತೀರಾ ಕೆಟ್ಟದ್ದೇನಲ್ಲ. ಆದರೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ತೋಳು ಹೋಗಿ, ತಟ್ಟೆ ತಿರುಗಿ ಬರೋವರೆಗೆ ಸುಮಾರು 10ರಿಂದ 15 ಮಿಲಿಸೆಕೆಂಡ್ ಕಾಯಬೇಕು. ಅಂದರೆ ಸೆಕೆಂಡಿಗೆ ನೂರು ಮರ ಹತ್ತಿದರೆ ಹೆಚ್ಚು. ವಿಂಡೋಸ್ ಶುರುವಾಗುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಫೈಲುಗಳನ್ನು ಕೇಳುತ್ತದೆ. ಎಸ್‌ಎಸ್‌ಡಿಗೆ ಹತ್ತುವ ಇಳಿಯುವ ಕೆಲಸವೇ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಜಾಗದಿಂದ ಓದುತ್ತದೆ.

ಹೋದ ತಿಂಗಳು ಕ್ಯಾತಸಂದ್ರದ ಕಡೆಯ ಮೇಷ್ಟ್ರೊಬ್ಬರು ಹಳೇ ಲ್ಯಾಪ್‌ಟಾಪ್ ತಂದಿದ್ದರು. ಮಕ್ಕಳ ಅಂಕಪಟ್ಟಿ ತುಂಬಬೇಕು, ತೆರೆಯೋದೇ ಇಲ್ಲ ಅಂತ ಬೇಜಾರಾಗಿದ್ದರು. 480 ಜಿಬಿ ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 4ರಿಂದ 8 ಜಿಬಿಗೆ ಏರಿಸಿದೆ. ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗೇ ಹೊಸದಕ್ಕೆ ಕ್ಲೋನ್ ಮಾಡಿಕೊಟ್ಟೆ. ಬಟನ್ ಒತ್ತಿ ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಿದ್ದರು, ತಿರುಗಿ ನೋಡುವಷ್ಟರಲ್ಲಿ ಪಾಸ್‌ವರ್ಡ್ ಕೇಳುವ ಪರದೆ ಬಂದಿತ್ತು. ಮತ್ತೆ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿದರು.

ಒಂದು ಎಚ್ಚರಿಕೆ. ಪರದೆ ಒಡೆದಿದ್ದರೆ, ಬೋರ್ಡಿನಲ್ಲೇ ತೊಂದರೆ ಇದ್ದರೆ ಅಥವಾ ರ್‍ಯಾಮ್ ಹೆಚ್ಚಿಸೋಕೆ ಆಗದ 2 ಜಿಬಿ ಮಾದರಿ ಆಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ.

ಸಾಟಾ, ಎಂ.2, ಎನ್‌ವಿಎಂಇ ಅಂತಾರೆ. ನನ್ನ ಲ್ಯಾಪ್‌ಟಾಪ್‌ಗೆ ಯಾವುದು?

ಇಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಎಂ.2 ಅನ್ನೋದು ಆಕಾರದ ಹೆಸರು. ಚೂಯಿಂಗ್ ಗಮ್ ಪಟ್ಟಿಯಂತೆ ಇರುತ್ತದೆ. ಮೇಲೆ 2280 ಅಂತಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಸಾಟಾ, ಎನ್‌ವಿಎಂಇ ಅನ್ನೋದು ಮಾತಾಡುವ ಭಾಷೆ. ಒಂದೇ ಎಂ.2 ಆಕಾರದಲ್ಲಿ ಎರಡೂ ಭಾಷೆಯವು ಸಿಗುತ್ತವೆ. ಅದಕ್ಕೇ ಆನ್‌ಲೈನಲ್ಲಿ ತರಿಸಿಕೊಂಡು, ತೂರಿಸಿ, ಕಂಪ್ಯೂಟರ್ ಗುರುತಿಸ್ತಿಲ್ಲ ಅಂತ ಬರುತ್ತಾರೆ. ಸಾಮಾನ್ಯವಾಗಿ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಆದರೂ ನಿಮ್ಮ ಲ್ಯಾಪ್‌ಟಾಪ್ ಮಾದರಿಯ ಕೈಪಿಡಿ ನೋಡಿಯೇ ತಗೊಳ್ಳಿ.

ವೇಗದ ಲೆಕ್ಕ ಹೀಗಿದೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ, ಅದಕ್ಕಿಂತ ಮೇಲೆ ಹೋಗೋಕೆ ಆ ದಾರಿಯಲ್ಲಿ ಜಾಗ ಇಲ್ಲ. ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದು ಸುಮಾರು 3500, ನಾಲ್ಕನೆಯದು ಸುಮಾರು 7000 ಎಂಬಿ. ಕೇಳೋಕೆ ದೊಡ್ಡ ಅಂತರ. ಆದರೆ ಟ್ಯಾಲಿ, ವರ್ಡ್, ಬ್ರೌಸರ್ ಬಳಸುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣೋದು ಕಷ್ಟ. ಹಾರ್ಡ್ ಡಿಸ್ಕಿನಿಂದ ಯಾವುದೋ ಒಂದು ಎಸ್‌ಎಸ್‌ಡಿಗೆ ಬರೋದೇ ದೊಡ್ಡ ಜಿಗಿತ. ವಿಡಿಯೋ ಎಡಿಟಿಂಗ್ ಮಾಡುವವರು ಮಾತ್ರ ಮೇಲಿನದಕ್ಕೆ ದುಡ್ಡು ಹಾಕಲಿ. ಅಂಥವರು ಬಿಸಿಯ ಕಡೆಯೂ ಗಮನ ಕೊಡಬೇಕು. ಪಾವಗಡದ ಬೇಸಿಗೆಯಲ್ಲಿ ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ಎಡಿಟ್ ಮಾಡಿದರೆ ಎನ್‌ವಿಎಂಇ ಕಾದು, ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಹಾಗಾದ್ರೆ ಹಾರ್ಡ್ ಡಿಸ್ಕ್ ಕಾಲ ಮುಗೀತಾ?

ಮುಗಿದಿಲ್ಲ. ಜಾಸ್ತಿ ಜಾಗ, ಕಡಿಮೆ ದುಡ್ಡು ಅಂದರೆ ಇವತ್ತಿಗೂ ಅದೇ. ಕಂಪ್ಯೂಟರ್ ನಡೆಸೋಕೆ ಎಸ್‌ಎಸ್‌ಡಿ, ಕೂಡಿಡೋಕೆ ಹಾರ್ಡ್ ಡಿಸ್ಕ್. ಫೋಟೋ ಸ್ಟುಡಿಯೋದವರಿಗೆ ನಾನು ಹೇಳೋದು ಇದನ್ನೇ: ಈ ವಾರದ ಮದುವೆ ಎಸ್‌ಎಸ್‌ಡಿಯಲ್ಲಿ, ಹೋದ ವರ್ಷದ ಮದುವೆಗಳು ಹಾರ್ಡ್ ಡಿಸ್ಕಿನಲ್ಲಿ.

ಅಂಗಡಿ ಸಿಸಿಟಿವಿಗೆ 1 ಟಿಬಿ ಹಾಕಿಸಿದ್ರೆ ಎಷ್ಟು ದಿನ ರೆಕಾರ್ಡಿಂಗ್ ಇರುತ್ತೆ?

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಹಾಕಿಕೊಟ್ಟ ಲೆಕ್ಕ ಹೇಳುತ್ತೇನೆ. ನಾಲ್ಕು ಕ್ಯಾಮೆರಾ, ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್. ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86.4 ಜಿಬಿ. 1 ಟಿಬಿ ಹನ್ನೊಂದು ದಿನಕ್ಕೆ ತುಂಬುತ್ತದೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ತೂಕದಲ್ಲಿ ತಕರಾರು ಬಂದರೆ ತಿಂಗಳ ಹಿಂದಿನದು ಬೇಕಾಗುತ್ತದೆ ಅಂದರು. 4 ಟಿಬಿ ಹಾಕಿದೆವು. ಒಂದೂವರೆ ತಿಂಗಳು ಸಿಗುತ್ತದೆ.

ಸಿಸಿಟಿವಿಗೆ ಅಂತಲೇ ಮಾಡಿದ ಸರ್ವೆಲೆನ್ಸ್ ಹಾರ್ಡ್ ಡಿಸ್ಕ್ ತಗೊಳ್ಳಿ. ಹಗಲು ರಾತ್ರಿ ಬರೆಯುತ್ತಲೇ ಇರೋಕೆ ಅದನ್ನು ತಯಾರು ಮಾಡಿರುತ್ತಾರೆ. ಹಳೇ ಡೆಸ್ಕ್‌ಟಾಪಿನಿಂದ ಕಿತ್ತದ್ದನ್ನು ಹಾಕಿ, ಕಳ್ಳತನ ಆದ ದಿನವೇ ರೆಕಾರ್ಡಿಂಗ್ ಇಲ್ಲ ಅಂತ ಅತ್ತವರನ್ನು ನೋಡಿದ್ದೇನೆ.

ಮೆಮೊರಿ ಕಾರ್ಡ್ ಮೇಲೆ 10, ಯು3, ವಿ30, ಎ1 ಅಂತೆಲ್ಲ ಇರುತ್ತೆ. ಯಾವುದು ನೋಡಿ ತಗೊಳ್ಳಬೇಕು?

ಕ್ಯಾಮೆರಾಗಾದರೆ ವಿ ಪಕ್ಕದ ಸಂಖ್ಯೆ ನೋಡಿ. ವಿ30 ಅಂದರೆ ಬರೆಯುವ ವೇಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯಲ್ಲ. ಯು3 ಅಂದರೂ ಅಷ್ಟೇ. 10 ಅಥವಾ ಯು1 ಅಂದರೆ 10 ಎಂಬಿ. ಮೇಲೆ ಹೇಳಿದ 4ಕೆ ವಿಡಿಯೋಗೆ ಸೆಕೆಂಡಿಗೆ 12.5 ಎಂಬಿ ಬೇಕು. ಹಾಗಾಗಿ 10ರ ಕಾರ್ಡಿನ ಮೇಲೆ ಭರವಸೆ ಇಡೋಕಾಗಲ್ಲ, ತಾಳಿ ಕಟ್ಟುವ ಹೊತ್ತಿಗೇ ರೆಕಾರ್ಡಿಂಗ್ ನಿಂತುಬಿಡಬಹುದು. ಫೋನಿಗಾದರೆ ಎ1, ಎ2 ನೋಡಿ, ಅದು ಆ್ಯಪ್ ನಡೆಸುವ ಚುರುಕಿನ ಅಳತೆ. ಕವರ್ ಮೇಲೆ ದೊಡ್ಡದಾಗಿ ಬರೆದ 150, 200 ಎಂಬಿ ಓದುವ ವೇಗ, ಬರೆಯುವ ವೇಗ ಅಲ್ಲ.

ಆನ್‌ಲೈನಲ್ಲಿ 2 ಟಿಬಿ ಪೆನ್ ಡ್ರೈವ್ ಬರೀ 500 ರೂಪಾಯಿಗೆ ಬಂದಿದೆ. ತಗೊಳ್ಳಬಹುದಾ?

ಬೇಡ. ದಯವಿಟ್ಟು ಬೇಡ. ಆ ಬೆಲೆಗೆ ಆ ಜಾಗ ಸಿಗೋಕೆ ಸಾಧ್ಯವೇ ಇಲ್ಲ. ಒಳಗೆ 16 ಅಥವಾ 32 ಜಿಬಿ ಚಿಪ್ಪು ಇಟ್ಟು, 2 ಟಿಬಿ ಅಂತ ಸುಳ್ಳು ಹೇಳುವಂತೆ ಕಂಟ್ರೋಲರ್ ತಿದ್ದಿರುತ್ತಾರೆ. ಕಾಪಿ ಮಾಡುವಾಗ ಎಲ್ಲಾ ಸರಿಯಾಗೇ ಕಾಣುತ್ತದೆ. ಫೈಲಿನ ಹೆಸರೂ ಇರುತ್ತದೆ, ಸೈಜೂ ಇರುತ್ತದೆ. ತೆರೆಯೋಕೆ ಹೋದಾಗ ಒಳಗೆ ಏನೂ ಇರಲ್ಲ. ಅಷ್ಟರಲ್ಲಿ ಜನ ಫೋನಿನಿಂದ ಅಳಿಸಿಬಿಟ್ಟಿರುತ್ತಾರೆ. ಮಗುವಿನ ಮೊದಲ ವರ್ಷದ ಫೋಟೋಗಳನ್ನು ಹೀಗೆ ಕಳೆದುಕೊಂಡ ತಾಯಿಯೊಬ್ಬರು ಅಂಗಡಿಗೆ ಬಂದಿದ್ದರು. ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ, ಯಾಕಂದರೆ ಆ ಫೋಟೋಗಳು ಅದರಲ್ಲಿ ಬರೆದೇ ಇರಲಿಲ್ಲ.

ಯಾವುದೇ ಹೊಸ ಕಾರ್ಡ್, ಪೆನ್ ಡ್ರೈವ್ ತಂದಾಗ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶದಲ್ಲಿ ಒಂದು ಸಲ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ಲಿನಕ್ಸ್ ಬಳಸುವವರಿಗೆ ಎಫ್3 ಇದೆ.

ಪೆನ್ ಡ್ರೈವಲ್ಲಿ 20 ಜಿಬಿ ಖಾಲಿ ಇದೆ, 5 ಜಿಬಿ ವಿಡಿಯೋ ಹೋಗ್ತಿಲ್ಲ. ಯಾಕೆ?

ಅದು ಫ್ಯಾಟ್32 ಎಂಬ ಹಳೇ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದೇ ಫೈಲು 4 ಜಿಬಿ ಮೀರುವಂತಿಲ್ಲ. ಒಳಗಿರೋದನ್ನು ಬೇರೆ ಕಡೆ ಇಟ್ಟು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ತೀರಾ ಹಳೇ ಟಿವಿ, ಕಾರ್ ಸ್ಟೀರಿಯೋಗಳು ಮಾತ್ರ ಎಕ್ಸ್‌ಫ್ಯಾಟ್ ಓದದೇ ಇರಬಹುದು.

## ಕೈಕೊಟ್ಟಾಗ ಕೇಳುವುದು

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಲಾ?

ಈಗಲೇ ಆಫ್ ಮಾಡಿ. ಮತ್ತೆ ಹಾಕಬೇಡಿ, ಇನ್ನೊಂದು ಕಂಪ್ಯೂಟರಲ್ಲಿ ನೋಡ್ತೀನಿ ಅಂತಲೂ ಬೇಡ.

ತೋಳಿನ ತುದಿಯಲ್ಲಿರುವ ಓದುವ ತಲೆ ತಟ್ಟೆಯನ್ನು ಮುಟ್ಟಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಬಿದ್ದು ಪೆಟ್ಟಾದಾಗ ಆ ತಲೆ ತಟ್ಟೆಗೆ ತಾಗುತ್ತದೆ. ಟಕ್ ಟಕ್ ಅನ್ನೋದು ಹೆಚ್ಚಾಗಿ, ತಲೆ ತನ್ನ ಜಾಗ ಹುಡುಕಿ, ಸಿಗದೆ, ವಾಪಸ್ ಬಂದು, ಮತ್ತೆ ಹೋಗುವ ಸದ್ದು. ಸತ್ತ ಡಿಸ್ಕೊಂದನ್ನು ಕಲಿಯೋಕೆ ಅಂತ ಬಿಚ್ಚಿದ್ದೆ. ತಟ್ಟೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಆದರೆ ಅಂಚಿನಿಂದ ಒಂದು ಬೆರಳು ಒಳಗೆ, ಕಂಪಾಸಿನಲ್ಲಿ ಎಳೆದಂತೆ ಬೂದು ಬಣ್ಣದ ಉಂಗುರ. ಮೂಲೆಯಲ್ಲಿದ್ದ ಬಿಳಿ ಫಿಲ್ಟರ್ ಬಟ್ಟೆ ಕಪ್ಪಗಾಗಿತ್ತು. ಆ ಕಪ್ಪು ಪುಡಿಯೇ ಕೆರೆದುಹೋದ ಲೇಪ, ಅಂದರೆ ಯಾರದೋ ಫೈಲುಗಳು. ಕರೆಂಟ್ ಕೊಟ್ಟಷ್ಟೂ ಉಂಗುರ ಅಗಲವಾಗುತ್ತದೆ.

ಒಳಗಿರೋದು ಬೇಕೇ ಬೇಕು ಅಂದರೆ ಶುದ್ಧ ಗಾಳಿಯ ಕೋಣೆ ಇರುವ ಡೇಟಾ ರಿಕವರಿ ಕೇಂದ್ರಕ್ಕೆ ಕಳಿಸಬೇಕು. ನನ್ನಂಥವರ ಅಂಗಡಿಯಲ್ಲಿ ಅದನ್ನು ಬಿಚ್ಚಿಸಬೇಡಿ. ಫ್ರಿಜ್ಜಿನಲ್ಲಿ ಇಟ್ಟರೆ ಸರಿಹೋಗುತ್ತೆ ಅನ್ನುವ ಮಾತನ್ನೂ ನಂಬಬೇಡಿ, ಒಳಗೆ ತೇವ ಕೂರುತ್ತದೆ.

ಡಿಲೀಟ್ ಆದ ಫೋಟೋ ವಾಪಸ್ ತರಬಹುದಾ?

ಎಲ್ಲಿಂದ ಡಿಲೀಟ್ ಆಯಿತು ಅನ್ನೋದರ ಮೇಲೆ ಇದೆ. ಹಾರ್ಡ್ ಡಿಸ್ಕ್, ಕ್ಯಾಮೆರಾ ಕಾರ್ಡ್ ಆದರೆ ಆಸೆ ಇದೆ. ಡಿಲೀಟ್ ಅಂದಾಗ ಆ ಜಾಗ ಖಾಲಿ ಅಂತ ಗುರುತು ಹಾಕುತ್ತದೆ ಅಷ್ಟೇ, ಫೋಟೋ ಅಲ್ಲೇ ಇರುತ್ತದೆ. ಅದರ ಮೇಲೆ ಬೇರೇನೂ ಬರೆಯಬಾರದು. ಹಾಗಾಗಿ ಕಾರ್ಡನ್ನು ತಕ್ಷಣ ಕ್ಯಾಮೆರಾದಿಂದ ತೆಗೆದಿಡಿ.

ಕಂಪ್ಯೂಟರ್ ಒಳಗಿನ ಎಸ್‌ಎಸ್‌ಡಿ ಆದರೆ ಆಸೆ ತೀರಾ ಕಡಿಮೆ. ಟ್ರಿಮ್ ಅನ್ನುವ ಆದೇಶ ಇದೆ. ಡಿಲೀಟ್ ಆದ ಜಾಗವನ್ನು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಎಸ್‌ಎಸ್‌ಡಿ ಬಿಡುವಾದಾಗ ಅದನ್ನು ಒರೆಸಿಡುತ್ತದೆ. ವೇಗ ಉಳಿಯೋದು ಇದರಿಂದಲೇ. ಆದರೆ ಕಳೆದದ್ದು ಸಿಗಲ್ಲ. ಎಸ್‌ಎಸ್‌ಡಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಈ ಮಾತನ್ನು ಹೇಳಿಯೇ ಕಳಿಸುತ್ತೇನೆ.

ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಡಿಸ್ಕ್ ಹಾಳಾಗುತ್ತಾ?

ಹಾರ್ಡ್ ಡಿಸ್ಕ್ ಕರೆಂಟ್ ಹೋದ ತಕ್ಷಣ, ತಿರುಗುತ್ತಿರುವ ತಟ್ಟೆಯ ಕಸುವಿನಿಂದಲೇ ತಲೆಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಆದರೆ ಆ ಕ್ಷಣ ಬರೆಯುತ್ತಿದ್ದ ಫೈಲು ಕೆಡಬಹುದು. ಟ್ಯಾಲಿ ಡೇಟಾ ಹೋಯ್ತು ಅಂತ ಬರುವವರ ಕತೆ ಬಹುತೇಕ ಇದೇ. ಎಸ್‌ಎಸ್‌ಡಿಯಲ್ಲಿ ಯಾವುದು ಎಲ್ಲಿದೆ ಅನ್ನುವ ನಕ್ಷೆಯೇ ಕೆಟ್ಟು, ಪೂರ್ತಿ ಡಿಸ್ಕ್ ಕಾಣದೇ ಹೋಗೋದೂ ಉಂಟು. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಕೂರಬೇಡಿ. ಅದರ ಬ್ಯಾಟರಿ ಸತ್ತಿದೆಯಾ ಅಂತಲೂ ಆಗಾಗ ನೋಡಿಕೊಳ್ಳಿ.

ಹಾಳಾಗೋಕೆ ಮುಂಚೆ ಗೊತ್ತಾಗುತ್ತಾ?

ಕೆಲವು ಸಲ. ಡಿಸ್ಕು ತನ್ನ ಆರೋಗ್ಯದ ಲೆಕ್ಕ ಬರೆದುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ನೋಡಬಹುದು. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಬಂದು, ಅದು ಏರುತ್ತಿದ್ದರೆ ಅವತ್ತೇ ಎಲ್ಲಾ ಕಾಪಿ ಮಾಡಿಕೊಳ್ಳಿ.

ಆದರೆ ಅದರಲ್ಲಿ ಎಲ್ಲಾ ಸರಿ ಅಂತ ಕಂಡಿತು ಅಂದು ನಿಶ್ಚಿಂತೆ ಬೇಡ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಜಾಸ್ತಿ ಹಾರ್ಡ್ ಡಿಸ್ಕುಗಳನ್ನು ಗಮನಿಸಿ ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದ ಡಿಸ್ಕುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ, ಸ್ಮಾರ್ಟಿನಲ್ಲಿ ಯಾವ ದೋಷವನ್ನೂ ತೋರಿಸದೆ ಕೆಟ್ಟಿದ್ದವು.

## ಇನ್ನೂ ಆಳಕ್ಕೆ ಹೋಗುವವರಿಗೆ

ಟಿಎಲ್‌ಸಿ, ಕ್ಯುಎಲ್‌ಸಿ ಅಂದ್ರೇನು? ಎಸ್‌ಎಸ್‌ಡಿಗೆ ಆಯಸ್ಸು ಕಡಿಮೆಯಂತೆ, ನಿಜಾನಾ?

ಚಿಪ್ಪಿನೊಳಗಿನ ಒಂದು ಕೋಣೆಯಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಅನ್ನುವ ಲೆಕ್ಕ. ಎಸ್‌ಎಲ್‌ಸಿಯಲ್ಲಿ 1, ಎಂಎಲ್‌ಸಿಯಲ್ಲಿ 2, ಟಿಎಲ್‌ಸಿಯಲ್ಲಿ 3, ಕ್ಯುಎಲ್‌ಸಿಯಲ್ಲಿ 4. ಲೋಟದಲ್ಲಿ ನೀರು ಇದೆಯಾ ಇಲ್ಲವಾ ಅಂತ ನೋಡೋದು ಸುಲಭ. ಅದೇ ಲೋಟಕ್ಕೆ ಹದಿನಾರು ಗೆರೆ ಹಾಕಿ, ನೀರು ಯಾವ ಗೆರೆಗೆ ಇದೆ ಹೇಳು ಅಂದರೆ ಕಷ್ಟ. ಕ್ಯುಎಲ್‌ಸಿ ಮಾಡೋದು ಅದನ್ನೇ. ಹಾಗಾಗಿ ಅಗ್ಗ, ಆದರೆ ಬರೆಯೋದು ನಿಧಾನ, ಸವೆಯೋದು ಬೇಗ. ದೊಡ್ಡ ಫೈಲು ಹಾಕುವಾಗ ಮೊದಲು ಓಡಿ, ಆಮೇಲೆ ಹಾರ್ಡ್ ಡಿಸ್ಕಿಗಿಂತಲೂ ನಿಧಾನ ಆಗುವ ಕ್ಯುಎಲ್‌ಸಿಗಳಿವೆ. ಕೆಲಸಕ್ಕೆ ಟಿಎಲ್‌ಸಿಯನ್ನೇ ತಗೊಳ್ಳಿ ಅನ್ನೋದು ನನ್ನ ಸಲಹೆ.

ಆಯಸ್ಸಿನ ಭಯ ಮಾತ್ರ ಅತಿಯಾಗಿದೆ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಎಸ್‌ಎಸ್‌ಡಿಗೆ 600 ಟಿಬಿ ಬರೆಯುವವರೆಗೆ ಅಂತ ಕಂಪನಿಯವರು ಭರವಸೆ ಕೊಡೋದು ಸಾಮಾನ್ಯ. ನೀವು ದಿನಕ್ಕೆ 30 ಜಿಬಿ ಬರೆದರೂ ಅದು 20,000 ದಿನ, ಐವತ್ತು ವರ್ಷದ ಮೇಲೆ. ಎಸ್‌ಎಸ್‌ಡಿ ಸವೆದು ಬಂದದ್ದನ್ನು ನಾನು ನೋಡಿದ್ದು ಅಪರೂಪ. ಕಂಟ್ರೋಲರ್ ಸತ್ತು, ಮುನ್ಸೂಚನೆ ಇಲ್ಲದೆ ಒಂದು ಬೆಳಗ್ಗೆ ಕಾಣೆಯಾದವನ್ನೇ ಜಾಸ್ತಿ ನೋಡಿದ್ದೇನೆ.

ಫೋಟೋಗಳನ್ನ ಎಸ್‌ಎಸ್‌ಡಿಗೆ ಹಾಕಿ ಬೀರುವಲ್ಲಿ ಇಟ್ಟರೆ ಹತ್ತು ವರ್ಷ ಇರುತ್ತಾ?

ಅದನ್ನು ನಂಬಿಕೊಂಡು ಕೂರಬೇಡಿ. ಕರೆಂಟ್ ಇಲ್ಲದಿದ್ದಾಗ ಕೋಣೆಯೊಳಗಿನ ವಿದ್ಯುತ್ ಕಣಗಳು ನಿಧಾನಕ್ಕೆ ಸೋರುತ್ತವೆ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮ ಹೀಗಿದೆ: ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಆಯಸ್ಸು ಪೂರ್ತಿ ಮುಗಿಸಿದ ಮೇಲೂ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಕರೆಂಟ್ ಇಲ್ಲದೆ ನೆನಪು ಇಟ್ಟುಕೊಳ್ಳಬೇಕು. ಹೊಸ ಎಸ್‌ಎಸ್‌ಡಿ ಅದಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳುತ್ತದೆ. ಆದರೆ ಬಿಸಿ ಹೆಚ್ಚಾದಷ್ಟೂ ಸೋರಿಕೆ ಹೆಚ್ಚು. ನಮ್ಮ ಕಡೆ ಏಪ್ರಿಲ್‌ನಲ್ಲಿ ಶೀಟಿನ ಮನೆಯ ಕಬ್ಬಿಣದ ಬೀರು ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಎತ್ತಿಡೋಕೆ ಹಾರ್ಡ್ ಡಿಸ್ಕೇ ಮೇಲು. ಅದನ್ನೂ ವರ್ಷಕ್ಕೆ ಎರಡು ಸಲ ಹಾಕಿ, ಫೈಲು ತೆರೆದು ನೋಡಿ.

2008ರ ಮದುವೆ ವಿಡಿಯೋ ಡಿವಿಡಿಯಲ್ಲಿದೆ. ಏನು ಮಾಡಲಿ?

ಈ ವಾರವೇ ಕಾಪಿ ಮಾಡಿಸಿಕೊಳ್ಳಿ. ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿಯಲ್ಲಿ ಇರೋದು ಬೆಳಕಿಗೆ ಬಣ್ಣ ಬದಲಿಸುವ ಒಂದು ಲೇಪ. ಬಿಸಿಲು, ತೇವಕ್ಕೆ ಅದು ಮಾಸುತ್ತದೆ. ಒಂದು ಡಿವಿಡಿ ಅಂದರೆ ಬರೀ 4.7 ಜಿಬಿ, ಎಲ್ಲಿ ಬೇಕಾದರೂ ಹಿಡಿಯುತ್ತದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಜಾಗವೇ ಇರಲ್ಲ, ಯುಎಸ್‌ಬಿ ಡಿವಿಡಿ ಡ್ರೈವ್ ಬೇಕು. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಿ, ಓದುವ ಸಾಧ್ಯತೆ ಇದೆ.

ಡಿಪ್ಲೊಮಾ ಮಾಡ್ತಿದೀನಿ. ಮೊದಲ ಹಾರ್ಡ್ ಡಿಸ್ಕ್ ಯಾವುದು? ಈಗಲೂ ಟೇಪ್ ಬಳಸ್ತಾರಾ?

1956ರಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಕಂಪ್ಯೂಟರಿನ ಜೊತೆ ತಂದದ್ದು. 24 ಇಂಚು ಅಗಲದ 50 ತಟ್ಟೆಗಳು, ಒಟ್ಟು ಹಿಡಿಯುತ್ತಿದ್ದದ್ದು ಇವತ್ತಿನ ಲೆಕ್ಕದಲ್ಲಿ 4 ಎಂಬಿಗೂ ಕಡಿಮೆ. ಫೈಲು ಉಳಿಸುವ ಅಯಸ್ಕಾಂತದ ಟೇಪ್ ಇಂದಿಗೂ ಇದೆ. ಎಲ್‌ಟಿಒ-9 ಟೇಪ್ ಒಂದರಲ್ಲಿ 18 ಟಿಬಿ ಹಿಡಿಯುತ್ತದೆ. ದೊಡ್ಡ ಸಂಸ್ಥೆಗಳು ಅಪರೂಪಕ್ಕೆ ಬೇಕಾಗುವ ದಾಖಲೆಗಳನ್ನು ಹೀಗೆ ಇಡುತ್ತವೆ. ಡ್ರೈವಿನ ಬೆಲೆ ಜಾಸ್ತಿ, ಮನೆಗೆ ಹೊಂದಲ್ಲ.

ರೈಡ್ ಹಾಕಿಸಿದೀನಿ, ಎರಡು ಡಿಸ್ಕಲ್ಲೂ ಒಂದೇ ಇದೆ. ಬ್ಯಾಕಪ್ ಬೇಡ ಅಲ್ವಾ?

ಬೇಕು. ರೈಡ್ ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ನೀವು ಒಂದರಲ್ಲಿ ಅಳಿಸಿದರೆ ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಸಿಡಿಲಿಗೆ ಡಬ್ಬಿಯೇ ಸುಟ್ಟರೆ ಎರಡೂ ಹೋಗುತ್ತವೆ.

ನನ್ನ ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಕೂತು ರೆಕಾರ್ಡ್ ಮಾಡಿದ್ದೆ, ಇಪ್ಪತ್ತಮೂರು ಪದ. ಎಲ್ಲಾ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿತ್ತು. ಒಂದು ಸಂಜೆ ಅದು ತಿರುಗುತ್ತಿರುವಾಗಲೇ ವೈರು ಕಾಲಿಗೆ ಸಿಕ್ಕಿ, ಮೇಜಿನಿಂದ ರೆಡ್ ಆಕ್ಸೈಡ್ ನೆಲಕ್ಕೆ ಬಿತ್ತು. ಬೆಂಗಳೂರಿಗೆ ಕಳಿಸಿದೆ. ಒಂಬತ್ತು ಪದ ವಾಪಸ್ ಬಂದವು. ಅಜ್ಜಿ ಅಷ್ಟರಲ್ಲಿ ಇರಲಿಲ್ಲ. ಆ ಒಂಬತ್ತು ಈಗ ಐದು ಕಡೆ ಇವೆ.

3-2-1 ಅನ್ನುವ ಕ್ರಮ ಇದೆ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ, ಮನೆ ಕಾಗದ ಪತ್ರಕ್ಕೆ ಅದು ಧಾರಾಳ. ಸ್ಟುಡಿಯೋದವರ 1 ಟಿಬಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಏರಿಸೋಕೆ ನಾಲ್ಕೂವರೆ ದಿನಕ್ಕಿಂತ ಜಾಸ್ತಿ ಬೇಕು. ಅವರಿಗೆ ಇನ್ನೊಂದು ಹಾರ್ಡ್ ಡಿಸ್ಕ್ ತಗೊಂಡು ಊರಿನಲ್ಲಿರುವ ಅಣ್ಣನ ಮನೆಯಲ್ಲಿ ಇಡೋದು ಸುಲಭ.

ಲ್ಯಾಪ್‌ಟಾಪ್ ಬೋರ್ಡ್ ಸುಟ್ಟಿದೆ. ಎಸ್‌ಎಸ್‌ಡಿ ತೆಗೆದು ಬೇರೆಯದಕ್ಕೆ ಹಾಕಿದ್ರೆ 48 ಅಂಕಿ ಕೇಳ್ತಿದೆ. ಎಲ್ಲಿಂದ ತರಲಿ?

ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಅನ್ನುವ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ ತಾನಾಗೇ ಆನ್ ಆಗಿರುತ್ತದೆ. ಆ 48 ಅಂಕಿ ಬೀಗದ ಕೈ. ಲ್ಯಾಪ್‌ಟಾಪ್ ಶುರು ಮಾಡುವಾಗ ಯಾವ ಮೈಕ್ರೋಸಾಫ್ಟ್ ಖಾತೆ ಕೊಟ್ಟಿದ್ದಿರೋ ಅದರಲ್ಲಿ ಲಾಗಿನ್ ಆಗಿ ಹುಡುಕಿ. ಅಂಗಡಿಯವನು ತನ್ನ ಇಮೇಲ್ ಹಾಕಿ ಕೊಟ್ಟಿದ್ದರೆ ಅವನನ್ನೇ ಕೇಳಬೇಕು. ಕೈ ಸಿಗದಿದ್ದರೆ ಯಾರಿಂದಲೂ ತೆರೆಯೋಕಾಗಲ್ಲ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ.

ಹಳೇ ನುಡಿ ಫೈಲುಗಳು ಇವೆ, ತೆರೆದರೆ ಏನೇನೋ ಇಂಗ್ಲಿಷ್ ಗುರುತು ಬರುತ್ತೆ. ಡಿಸ್ಕ್ ಕೆಟ್ಟಿದೆಯಾ?

ಡಿಸ್ಕ್ ಚೆನ್ನಾಗಿದೆ. ಫಾಂಟ್ ಇಲ್ಲ ಅಷ್ಟೇ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಫೈಲುಗಳಲ್ಲಿ ಒಳಗಿರೋದು ಇಂಗ್ಲಿಷ್ ಗುರುತುಗಳ ಸಂಖ್ಯೆಗಳೇ. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಇಂಥ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸಂಘದ ನಡಾವಳಿ ರಾಶಿ ಬಿದ್ದಿವೆ. ಬಳಸಿದ ಫಾಂಟನ್ನೂ ಫೈಲಿನ ಜೊತೆಗೇ ಉಳಿಸಿ. ಆಮೇಲೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಓದಿ ತಿದ್ದಬೇಕು.

ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹಾಕ್ತಿದೀನಿ. ಫಾರ್ಮ್ಯಾಟ್ ಮಾಡಿದ್ರೆ ಸಾಕಲ್ವಾ?

ಕ್ವಿಕ್ ಫಾರ್ಮ್ಯಾಟ್ ಸಾಲದು. ಆಧಾರ್, ಪಹಣಿ, ಬ್ಯಾಂಕ್ ಕಾಗದ ಎಲ್ಲಾ ಹಾಗೇ ಇರುತ್ತವೆ. ಹಾರ್ಡ್ ಡಿಸ್ಕ್ ನಡೆಯುತ್ತಿದ್ದರೆ ಕ್ವಿಕ್ ಅನ್ನುವ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಆಗ ಎಲ್ಲಾ ಜಾಗಕ್ಕೂ ಸೊನ್ನೆ ಬರೆಯುತ್ತದೆ. ಡಿಸ್ಕ್ ದೊಡ್ಡದಿದ್ದರೆ ರಾತ್ರಿ ಹಾಕಿ ಮಲಗಿ. ಎಸ್‌ಎಸ್‌ಡಿಗೆ ಅದರ ಕಂಪನಿಯ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಬಳಸಿ.

ಸತ್ತ ಡಿಸ್ಕ್ ಆದರೆ ಒಡೆಯಬೇಕು. ಲ್ಯಾಪ್‌ಟಾಪಿನ ಸಣ್ಣ ಡಿಸ್ಕುಗಳ ತಟ್ಟೆ ಎಷ್ಟೋ ಸಲ ಗಾಜಿನದು, ಚೂರು ಹಾರುತ್ತದೆ. ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಲ್ಲಿ ಹೊಡೆಯಿರಿ. ಎಸ್‌ಎಸ್‌ಡಿಯಲ್ಲಿ ಪ್ರತಿ ಕಪ್ಪು ಚಿಪ್ಪೂ ಒಡೆಯಬೇಕು, ಬರೀ ಬೋರ್ಡ್ ಮುರಿದರೆ ಸಾಲದು. ಆಮೇಲೆ ಅದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.